ಬೈಲಹೊಂಗಲ ಉಪವಿಭಾಗದಲ್ಲಿ ಅಲ್ಪ ಸಂಖ್ಯೆಯ ಓವರ್‌ಮೌಲ್ಡಿಂಗ್ ತಯಾರಿಕೆ: ಅಚ್ಚಿನ ವೆಚ್ಚ, ಬೇಡಿಕೆಯ ಗಾತ್ರ ಮತ್ತು ಇತ್ತೀಚಿನ ನಿಯಮಗಳು

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಪ್ರಧಾನವಾಗಿ ಕೃಷಿಯನ್ನು ಅವಲಂಬಿಸಿದ ಪ್ರದೇಶಗಳಾಗಿರುತ್ತವೆ. ನವಿಲುತೀರ್ಥದ ಅಣೆಕಟ್ಟಿನಿಂದ ಹರಿಯುವ ಮಲಪ್ರಭೆಯ ನೀರು, ಹತ್ತಿ, ಸೋಯಾ, ಗೋವಿನಜೋಳ ಮತ್ತು ಕಬ್ಬಿನ ಬೆಳೆ, ಎಂ.ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆ, ರಾಮದುರ್ಗ ಹಾಗೂ ಸುರೇಬಾನ ಭಾಗದ ನೇಕಾರಿಕೆ, ಇವು ಈ ಪ್ರದೇಶದ ಆರ್ಥಿಕ ಚಟುವಟಿಕೆಯ ಮುಖ್ಯ ಆಧಾರಗಳು. ಯಂತ್ರೋಪಕರಣ ಕೈಗಾರಿಕೆಯ ಮಾತು ಬಂದಾಗ ಬೆಳಗಾವಿ ನಗರದ ಉದ್ಯಮಬಾಗ್ ಮತ್ತು ಮಚ್ಛೆಯ ಎರಕದ ಕಾರ್ಖಾನೆಗಳು, ಹತ್ತರಗಿಯ ವೈಮಾನಿಕ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯ ಅಥವಾ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಧಾರವಾಡ ಮತ್ತು ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶಗಳು ನೆನಪಾಗುತ್ತವೆಯೇ ಹೊರತು ಈ ನಾಲ್ಕು ತಾಲ್ಲೂಕುಗಳಲ್ಲ. ಇಲ್ಲಿ ಇರುವುದು ಬಹುಪಾಲು ವೆಲ್ಡಿಂಗ್, ಲೇತ್ ಮತ್ತು ಕೃಷಿ ಉಪಕರಣ ದುರಸ್ತಿಯ ಸಣ್ಣ ಕಾರ್ಯಾಗಾರಗಳು.

ಇಂತಹ ಕಾರ್ಯಾಗಾರಗಳ ಮುಂದಿನ ಹೆಜ್ಜೆಯಾಗಿ ಪ್ಲಾಸ್ಟಿಕ್ ಬಿಡಿಭಾಗಗಳ ತಯಾರಿಕೆ, ಅದರಲ್ಲಿಯೂ ಓವರ್‌ಮೌಲ್ಡಿಂಗ್ ವಿಧಾನ, ಪರಿಶೀಲನೆಗೆ ಯೋಗ್ಯವಾಗಿದೆ. ಆದರೆ ಯಂತ್ರವನ್ನು ಮೊದಲು ಕೊಂಡು ಕೆಲಸವನ್ನು ನಂತರ ಹುಡುಕುವ ಕ್ರಮವು ಈ ಉದ್ದಿಮೆಯಲ್ಲಿ ಬೇರೆ ಉದ್ದಿಮೆಗಳಿಗಿಂತ ಹೆಚ್ಚು ಅಪಾಯಕಾರಿ. ನೂರಾರು ಅಥವಾ ಕೆಲವೇ ಸಾವಿರ ಸಂಖ್ಯೆಯ ತಯಾರಿಕೆಯಲ್ಲಿ ಲಾಭ ನಷ್ಟಗಳನ್ನು ನಿರ್ಧರಿಸುವುದು ಯಂತ್ರವಲ್ಲ. ಅಚ್ಚಿನ ವೆಚ್ಚ ಮತ್ತು ತಿರಸ್ಕೃತ ಮಾಲಿನ ಪ್ರಮಾಣ. ಈ ಎರಡನ್ನೂ ಲೆಕ್ಕ ಹಾಕದೆ ಬ್ಯಾಂಕ್ ಸಾಲ ಪಡೆದಲ್ಲಿ, ಮೊದಲ ಬೇಡಿಕೆ ಮುಗಿಯುವ ವೇಳೆಗೆ ಕೈಯಲ್ಲಿ ಉಪಯೋಗಕ್ಕೆ ಬಾರದ ಉಕ್ಕಿನ ಅಚ್ಚೊಂದು ಮತ್ತು ತೀರದ ಕಂತುಗಳು ಮಾತ್ರ ಉಳಿಯುತ್ತವೆ.

ಓವರ್‌ಮೌಲ್ಡಿಂಗ್ ಎಂದರೇನು

ಮೊದಲೇ ತಯಾರಾದ ಒಂದು ಭಾಗದ ಮೇಲೆ ಇನ್ನೊಂದು ಪ್ಲಾಸ್ಟಿಕ್ಕನ್ನು ಕರಗಿಸಿ, ಅಚ್ಚಿನಲ್ಲಿ ಒತ್ತಡದಿಂದ ತುಂಬಿ, ಎರಡನ್ನೂ ಒಂದೇ ವಸ್ತುವನ್ನಾಗಿ ಮಾಡುವ ವಿಧಾನಕ್ಕೆ ಓವರ್‌ಮೌಲ್ಡಿಂಗ್ ಎನ್ನಲಾಗುತ್ತದೆ. ಸ್ಕ್ರೂಡ್ರೈವರಿನ ಹಿಡಿಕೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಕೈಗೆ ಮೆತ್ತಗೆ ತಾಗುವ ರಬ್ಬರಿನಂತಹ ಪದರ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯಲ್ಲಿನ ಬಣ್ಣದ ಮೆದು ಪಟ್ಟಿ, ಇವು ಎಲ್ಲರೂ ದಿನವೂ ಕಾಣುವ ಉದಾಹರಣೆಗಳು. ಒಳಗಿನ ಭಾಗ ಲೋಹದ್ದಾಗಿದ್ದಲ್ಲಿ, ಉದಾಹರಣೆಗೆ ಹಿತ್ತಾಳೆಯ ನಟ್ಟನ್ನು ಒಳಗಿಟ್ಟು ಸುತ್ತಲೂ ಪ್ಲಾಸ್ಟಿಕ್ ತುಂಬಿದ ಗುಬ್ಬಿಯಾಗಿದ್ದಲ್ಲಿ, ಅದನ್ನು ಇನ್ಸರ್ಟ್ ಮೌಲ್ಡಿಂಗ್ ಎಂದು ಕರೆಯುವ ರೂಢಿಯಿದೆ. ಕಾರ್ಯಾಗಾರದ ಮಾತಿನಲ್ಲಿ ಅಚ್ಚಿಗೆ 'ಡೈ' ಎಂದೂ, ಪ್ಲಾಸ್ಟಿಕ್ ಕಾಳಿಗೆ 'ದಾಣಾ' ಎಂದೂ ಹೇಳಲಾಗುತ್ತದೆ.

ಇದನ್ನು ಮಾಡಲು ಎರಡು ಮಾರ್ಗಗಳಿವೆ. ಒಂದೇ ಯಂತ್ರದಲ್ಲಿ ಎರಡು ಬ್ಯಾರೆಲ್‌ಗಳಿದ್ದು, ಅಚ್ಚು ತಾನಾಗಿ ತಿರುಗಿ, ಮೊದಲು ಗಟ್ಟಿ ಪ್ಲಾಸ್ಟಿಕ್ ನಂತರ ಮೆದು ಪ್ಲಾಸ್ಟಿಕ್ ತುಂಬಿಕೊಳ್ಳುವುದು ಮೊದಲನೆಯದು. ಎರಡನೆಯದರಲ್ಲಿ ಸಾಮಾನ್ಯ ಇಂಜೆಕ್ಷನ್ ಮೌಲ್ಡಿಂಗ್ ಯಂತ್ರ ಒಂದೇ ಸಾಕು. ಮೊದಲ ಅಚ್ಚಿನಲ್ಲಿ ಒಳಭಾಗಗಳನ್ನೆಲ್ಲ ತಯಾರಿಸಿಟ್ಟುಕೊಂಡು, ಅಚ್ಚು ಬದಲಿಸಿ, ಕೆಲಸಗಾರನು ಒಂದೊಂದನ್ನೇ ಕೈಯಿಂದ ಎರಡನೆಯ ಅಚ್ಚಿನೊಳಗೆ ಕೂರಿಸುತ್ತಾನೆ. ವಾಹನ ಬಿಡಿಭಾಗಗಳು ಮತ್ತು ಆಟಿಕೆಗಳಂತಹ ಲಕ್ಷಗಟ್ಟಲೆ ಸಂಖ್ಯೆಯ ತಯಾರಿಕೆಗೆ ಮೊದಲನೆಯ ಮಾರ್ಗ ಸರಿ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ಆಟಿಕೆ ಕ್ಲಸ್ಟರ್‌ನಂತಹ ಬೃಹತ್ ಯೋಜನೆಗಳ ಲೆಕ್ಕಾಚಾರವೇ ಬೇರೆ. ಬೈಲಹೊಂಗಲ ಅಥವಾ ಯರಗಟ್ಟಿಯ ಕಾರ್ಯಾಗಾರಕ್ಕೆ ಸಲ್ಲುವುದು ಎರಡನೆಯದು.

ಅಚ್ಚಿನ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಊಹಿತ ಅಂಕಿಗಳ ಒಂದು ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಇವು ಮಾರುಕಟ್ಟೆಯ ದರಗಳಲ್ಲ; ಉದ್ದಿಮೆದಾರರು ತಮಗೆ ದೊರೆತ ದರಪಟ್ಟಿಯ ಅಂಕಿಗಳನ್ನು ಇದೇ ಕ್ರಮದಲ್ಲಿ ಇಟ್ಟು ನೋಡಬಹುದು.

ಕಳೆ ತೆಗೆಯುವ ಸಾಧನದ 800 ಮೆದು ಹಿಡಿಕೆಗಳಿಗೆ ಬೇಡಿಕೆ ಬಂದಿದೆ ಎಂದು ಭಾವಿಸೋಣ. ಎರಡು ಬ್ಯಾರೆಲ್‌ಗಳ ಯಂತ್ರಕ್ಕೆ ಬೇಕಾದ ಉಕ್ಕಿನ ಅಚ್ಚಿಗೆ ರೂ. 7,00,000 ಆದಲ್ಲಿ, ಅಚ್ಚಿನ ವೆಚ್ಚವೊಂದೇ ಪ್ರತಿ ಹಿಡಿಕೆಯ ಮೇಲೆ ರೂ. 875 ಬೀಳುತ್ತದೆ. ಸಾಮಾನ್ಯ ಯಂತ್ರಕ್ಕೆ ಹೊಂದುವ ಎರಡು ಅಲ್ಯುಮಿನಿಯಂ ಅಚ್ಚುಗಳನ್ನು ರೂ. 1,60,000ಕ್ಕೆ ಮಾಡಿಸಿದಲ್ಲಿ ಅದು ರೂ. 200ಕ್ಕೆ ಇಳಿಯುತ್ತದೆ. ಕೈಯಿಂದ ಕೂರಿಸುವ ಕೂಲಿ ಮತ್ತು ಯಂತ್ರದ ನಿಧಾನಗತಿ ಸೇರಿ ಪ್ರತಿ ಹಿಡಿಕೆಗೆ ರೂ. 6 ಹೆಚ್ಚಾದೀತು, ರೂ. 675ರ ಉಳಿತಾಯದ ಮುಂದೆ ಇದು ಗಣನೆಗೆ ಬಾರದು.

ಹಾಗಾದರೆ ಎಷ್ಟು ಸಂಖ್ಯೆಗೆ ಉಕ್ಕಿನ ಅಚ್ಚು ಲಾಭದಾಯಕ? ಎರಡರ ವ್ಯತ್ಯಾಸವಾದ ರೂ. 5,40,000ವನ್ನು ರೂ. 6ರಿಂದ ಭಾಗಿಸಿದಾಗ 90,000 ಹಿಡಿಕೆಗಳೆಂದು ಬರುತ್ತದೆ. ವಾಸ್ತವದಲ್ಲಿ ಅಲ್ಯುಮಿನಿಯಂ ಅಚ್ಚು ಅಷ್ಟು ಕಾಲ ಬಾಳುವುದಿಲ್ಲ. ಅದರ ಆಯುಷ್ಯ ಸಾವಿರಗಳ ಲೆಕ್ಕದ್ದು, ಗಟ್ಟಿ ಉಕ್ಕಿನದು ಲಕ್ಷಗಳ ಲೆಕ್ಕದ್ದು. ಪ್ರತಿ 20,000 ಹಿಡಿಕೆಗಳಿಗೊಮ್ಮೆ ಅಚ್ಚುಗಳ ಜೋಡಿಯನ್ನು ಬದಲಿಸಬೇಕೆಂದು ಹಿಡಿದರೆ 40,000 ದಾಟುತ್ತಿದ್ದಂತೆಯೇ ಮೂರನೆಯ ಜೋಡಿ ಬೇಕಾಗಿ, ಒಟ್ಟು ವೆಚ್ಚ ರೂ. 7,20,000 ಆಗಿ ಉಕ್ಕಿನ ಅಚ್ಚಿನ ವೆಚ್ಚವನ್ನು ಮೀರುತ್ತದೆ. ಅಂದರೆ ಈ ಊಹಿತ ಪ್ರಕರಣದಲ್ಲಿ ಗಡಿ ಸುಮಾರು 40,000. ಎರಡು ಬ್ಯಾರೆಲ್‌ಗಳ ಯಂತ್ರದ ಬೆಲೆಯನ್ನು ಇಲ್ಲಿ ಸೇರಿಸಿಯೇ ಇಲ್ಲ ಎಂಬುದನ್ನೂ ಗಮನಿಸತಕ್ಕದ್ದು. ನಾಲ್ಕೂ ತಾಲ್ಲೂಕುಗಳ ಒಂದು ಹಂಗಾಮಿನ ಬೇಡಿಕೆ ಈ ಗಡಿಯ ಹತ್ತಿರಕ್ಕೆ ಬರುವ ವಸ್ತುಗಳು ಹೆಚ್ಚಿರಲಾರವು.

ಇನ್ನೂ ಕಡಿಮೆ ಸಂಖ್ಯೆ ಸಾಕಾದಾಗ ಅಚ್ಚನ್ನೇ ಅಗ್ಗವಾಗಿಸುವ ದಾರಿಗಳಿವೆ. ಮಾದರಿಯನ್ನು ಸಿಲಿಕೋನ್ ರಬ್ಬರಿನಲ್ಲಿ ಮುಳುಗಿಸಿ ಪಡೆದ ಅಚ್ಚಿನಲ್ಲಿ ಪಾಲಿಯುರೆಥೇನ್ ಎರಕ ಹೊಯ್ದರೆ ಒಂದು ಅಚ್ಚಿನಿಂದ ಇಪ್ಪತ್ತರ ಆಸುಪಾಸಿನಲ್ಲಿ ವಸ್ತುಗಳು ದೊರೆಯುತ್ತವೆ. ತ್ರೀಡಿ ಮುದ್ರಣದ ಅಚ್ಚಿನಿಂದಲೂ ಕೆಲವು ಹತ್ತುಗಳಷ್ಟು ತೆಗೆಯಬಹುದು. ರೈತರ ಕೈಗೆ ಕೊಟ್ಟು, ಒಂದು ಹಂಗಾಮು ಬಳಸಿ ನೋಡಿ, ಆಕಾರವನ್ನು ತಿದ್ದಿದ ನಂತರ ಅಲ್ಯುಮಿನಿಯಂ ಅಚ್ಚಿಗೆ ಹಣ ಹಾಕುವುದು ಜಾಣತನ. ಒಮ್ಮೆ ಕೊರೆದ ಅಚ್ಚಿನಿಂದ ಲೋಹ ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಆದುದರಿಂದ ಸಂದೇಹವಿದ್ದ ಕಡೆ ಹಿಡಿಕೆಯನ್ನು ಸ್ವಲ್ಪ ಸಪೂರವಾಗಿಯೇ ಇಟ್ಟು ಅಚ್ಚು ಮಾಡಿಸುವ ಪದ್ಧತಿ ಅನುಭವಿಗಳಲ್ಲಿದೆ.

ಅಂಟುವಿಕೆ

ತಿರಸ್ಕೃತ ಮಾಲಿನ ಬಹುಪಾಲು ಕಾರಣ ಒಂದೇ: ಮೇಲಿನ ಪದರ ಒಳಗಿನ ಭಾಗಕ್ಕೆ ಹಿಡಿಯದಿರುವುದು. ಎಲ್ಲ ಪ್ಲಾಸ್ಟಿಕ್ಕುಗಳೂ ಒಂದಕ್ಕೊಂದು ಹಿಡಿಯುವುದಿಲ್ಲ. ಒಳಭಾಗ ಪಾಲಿಪ್ರೊಪಿಲೀನ್ ಆಗಿದ್ದಲ್ಲಿ ಸ್ಟೈರೀನ್ ಆಧಾರಿತ ಮೆದು ಪ್ಲಾಸ್ಟಿಕ್ಕಿನ ಸೂಕ್ತ ದರ್ಜೆಗಳು ಚೆನ್ನಾಗಿ ಹಿಡಿಯುತ್ತವೆ. ಎಬಿಎಸ್ ಅಥವಾ ಪಾಲಿಕಾರ್ಬೊನೇಟಿನ ಮೇಲೆ ಟಿಪಿಯು ಎಂದು ಕರೆಯಲ್ಪಡುವ ಪಾಲಿಯುರೆಥೇನ್ ವರ್ಗದ ಪ್ಲಾಸ್ಟಿಕ್ ಉತ್ತಮ. ನೈಲಾನಿಗೆ ಅದಕ್ಕೆಂದೇ ತಯಾರಿಸಿದ ವಿಶೇಷ ದರ್ಜೆ ಬೇಕು. ಪಾಲಿಪ್ರೊಪಿಲೀನಿಗೆ ತಂದ ದಾಣಾದ ಉಳಿಕೆಯನ್ನು ನೈಲಾನಿನ ಮೇಲೆ ಹಾಕಿದರೆ ಅದು ಹುರಿದ ಶೇಂಗಾದ ಸಿಪ್ಪೆಯಂತೆ ಸುಲಿದು ಬರುತ್ತದೆ. ಲೋಹಕ್ಕಂತೂ ಪ್ಲಾಸ್ಟಿಕ್ ತಾನಾಗಿ ಅಂಟುವುದೇ ಇಲ್ಲ. ಲೋಹದ ಮೇಲೆ ಗೀರುಗಳು, ರಂಧ್ರಗಳು ಅಥವಾ ತಗ್ಗುಗಳನ್ನು ಮಾಡಿ, ಕರಗಿದ ಪ್ಲಾಸ್ಟಿಕ್ ಅವುಗಳೊಳಗೆ ಹರಿದು ಗಟ್ಟಿಯಾಗಿ ಕಚ್ಚಿಕೊಳ್ಳುವಂತೆ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಹಾಕುವಾಗಲೂ ಅಂಟಿನ ಮೇಲಷ್ಟೇ ಭರವಸೆಯಿಡದೆ ಇಂತಹ ಕಚ್ಚುಗಳನ್ನು ಕೊಡುವುದು ಲೇಸು.

ಅಂಟುವಿಕೆ ಕೆಡುವ ಇತರ ಕಾರಣಗಳು ಕಾರ್ಯಾಗಾರದ ಶಿಸ್ತಿಗೆ ಸಂಬಂಧಿಸಿದವು. ಒಳಭಾಗವು ಅಚ್ಚಿನಿಂದ ಸುಲಭವಾಗಿ ಬರಲೆಂದು ಸಿಲಿಕೋನ್ ಸ್ಪ್ರೇ ಹೊಡೆಯುವ ಅಭ್ಯಾಸ ಸಾಮಾನ್ಯ. ಓವರ್‌ಮೌಲ್ಡಿಂಗ್‌ನಲ್ಲಿ ಅದು ಸಂಪೂರ್ಣ ನಿಷಿದ್ಧ. ಎಣ್ಣೆಗೈಯಿಂದ ಮುಟ್ಟಿದ, ಧೂಳು ಕುಳಿತ ಒಳಭಾಗಕ್ಕೂ ಮೇಲಿನ ಪದರ ಹಿಡಿಯದು. ಒಳಭಾಗ ತಣ್ಣಗಾಗುವ ಮೊದಲು, ಅಥವಾ ಅದನ್ನು ಮತ್ತೆ ಬೆಚ್ಚಗೆ ಮಾಡಿ, ಎರಡನೆಯ ಅಚ್ಚಿಗೆ ಕೂರಿಸಿದರೆ ಬಂಧ ಬಲವಾಗುತ್ತದೆ. ಮೇಲಿನ ಪದರದ ದಪ್ಪವನ್ನು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿ.ಮೀ. ಇಡಲಾಗುತ್ತದೆ. ಪದರವು ಅಂಚಿನಲ್ಲಿ ಕಾಗದದಂತೆ ತೆಳುವಾಗಿ ಮುಗಿದರೆ ಉಗುರಿಗೆ ಸಿಕ್ಕು ಮೊದಲು ಅಲ್ಲಿಂದಲೇ ಏಳುತ್ತದೆ. ಆದುದರಿಂದ ಒಳಭಾಗದಲ್ಲಿ ಸಣ್ಣ ಗಾಡಿಯನ್ನು ಕೊಟ್ಟು ಪದರವನ್ನು ಅದರೊಳಗೆ ನೇರ ಅಂಚಿನಿಂದ ನಿಲ್ಲಿಸತಕ್ಕದ್ದು.

ತೇವಾಂಶದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನೈಲಾನ್, ಎಬಿಎಸ್, ಪಾಲಿಕಾರ್ಬೊನೇಟ್ ಮತ್ತು ಟಿಪಿಯು ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ಒಣಗಿಸದೆ ಕರಗಿಸಿದಲ್ಲಿ ಮೇಲ್ಮೈಯಲ್ಲಿ ಬಿಳಿ ಗೆರೆಗಳು, ಒಳಗೆ ಗುಳ್ಳೆಗಳು ಮತ್ತು ದುರ್ಬಲ ಬಂಧ ಉಂಟಾಗುತ್ತವೆ. ರಾಮದುರ್ಗದ ಒಣ ಹವೆಯಲ್ಲಿ ನಡೆದುಹೋಗುವ ನಿರ್ಲಕ್ಷ್ಯ ಕಿತ್ತೂರಿನ ಮಳೆಗಾಲದಲ್ಲಿ ನಡೆಯುವುದಿಲ್ಲ. ಒಣಗಿಸುವ ಹಾಪರ್ ಇಲ್ಲದ ಕಾರ್ಯಾಗಾರವು ಇಂತಹ ದಾಣಾಗಳ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಮೇಲು.

ಬಂಧದ ಪರೀಕ್ಷೆಗೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಮೇಲಿನ ಪದರವನ್ನು ಚಾಕುವಿನಿಂದ ಎಬ್ಬಿಸಿ ಇಕ್ಕಳದಿಂದ ಎಳೆದಾಗ ಪದರವೇ ಹರಿದು ಅದರ ಚೂರುಗಳು ಒಳಭಾಗದ ಮೇಲೆ ಉಳಿದರೆ ಬಂಧ ಸರಿಯಾಗಿದೆ ಎಂದರ್ಥ. ಪದರ ಪೂರ್ತಿಯಾಗಿ, ಕೆಳಗೆ ನುಣುಪಾದ ಮೇಲ್ಮೈ ಬಿಟ್ಟು ಎದ್ದು ಬಂದರೆ ಆ ಕಂತಿನ ಮಾಲನ್ನು ಕಳುಹಿಸತಕ್ಕದ್ದಲ್ಲ. ಕಬ್ಬು ಕಡಿಯುವ ಕೊಯ್ತಾದ ಅಥವಾ ಕುಡಗೋಲಿನ ಹಿಡಿಕೆಯ ಪದರ ಕೆಲಸದ ನಡುವೆ ಜಾರಿದರೆ ಆಗುವ ಹಾನಿ ಕೂಲಿಕಾರರ ಕೈಬೆರಳುಗಳಿಗೆ ಸಂಬಂಧಿಸಿದ್ದು. ಅದನ್ನು ತಿರಸ್ಕೃತ ಮಾಲಿನ ಬೆಲೆಯಲ್ಲಿ ಅಳೆಯಲಾಗದು.

ಲೆಕ್ಕದ ದೃಷ್ಟಿಯಿಂದ ಇನ್ನೊಂದು ಮಾತು. ಎರಡನೆಯ ಹಂತದಲ್ಲಿ ಕೆಟ್ಟ ಪ್ರತಿ ಹಿಡಿಕೆಯೊಂದಿಗೆ ಮೊದಲನೆಯ ಹಂತದ ಮಾಲು ಮತ್ತು ಶ್ರಮವೂ ನಷ್ಟವಾಗುತ್ತವೆ. ಎರಡು ಬಗೆಯ ಪ್ಲಾಸ್ಟಿಕ್ ಬೆಸೆದುಕೊಂಡಿರುವುದರಿಂದ ಅದನ್ನು ಅರೆದು ಪುನಃ ಬಳಸುವುದೂ ಕಷ್ಟ. ಶೇ. 10ರಷ್ಟು ಕೆಡುವುದೆಂದು ಅಂದಾಜಿದ್ದಲ್ಲಿ 800 ಹಿಡಿಕೆಗಳಿಗೆ 890 ಒಳಭಾಗಗಳನ್ನು ಮೊದಲೇ ತಯಾರಿಸಿಕೊಳ್ಳತಕ್ಕದ್ದು. ಸರಿಯಾಗಿ 800 ಮಾಡಿ ಅಚ್ಚು ಇಳಿಸಿದ ನಂತರ, ಕೊರತೆ ಬಿದ್ದ ಕೆಲವೇ ಹತ್ತು ಹಿಡಿಕೆಗಳಿಗಾಗಿ ಅಚ್ಚನ್ನು ಮತ್ತೆ ಏರಿಸಿ, ಬ್ಯಾರೆಲ್ ಕಾಯಿಸಿ, ಬಣ್ಣ ಹೊಂದಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಕೆಲಸದ ನಡುವೆ ವಿದ್ಯುತ್ ಕಡಿತವಾದರೂ ಇದೇ ಬಗೆಯ ನಷ್ಟ. ಬ್ಯಾರೆಲಿನಲ್ಲಿ ನಿಂತ ಪ್ಲಾಸ್ಟಿಕ್ಕನ್ನು ಹೊರಹಾಕಿ, ಪುನಃ ಶಾಖ ಸ್ಥಿರವಾಗುವವರೆಗೆ ತೆಗೆದ ಹಿಡಿಕೆಗಳನ್ನು ಬಿಟ್ಟುಬಿಡಬೇಕಾಗುತ್ತದೆ. ಹೆಸ್ಕಾಂನಿಂದ ಸಂಪರ್ಕ ಪಡೆಯುವಾಗ ಕಾರ್ಯಾಗಾರಕ್ಕೆ ಯಾವ ಮಾರ್ಗದಿಂದ, ದಿನದ ಯಾವ ವೇಳೆಯಲ್ಲಿ ಪೂರೈಕೆಯಾಗುವುದೆಂದು ತಿಳಿದುಕೊಂಡು ಪಾಳಿಯನ್ನು ನಿಗದಿಪಡಿಸುವುದು ಅವಶ್ಯಕ.

ಬೇಡಿಕೆ ಎಲ್ಲಿದೆ

ಸ್ಥಳೀಯ ಬೇಡಿಕೆಯನ್ನು ಗಮನಿಸಿದಲ್ಲಿ ಮೂರು ದಿಕ್ಕುಗಳು ಕಾಣುತ್ತವೆ. ಎಣ್ಣೆ ಹೊಡೆಯುವ ಪಂಪಿನ ಹಿಡಿಕೆ ಮತ್ತು ಗುಂಡಿಗಳು, ಕುರ್ಚಿಗಿ ಹಾಗೂ ಕುಡಗೋಲಿನ ಹಿಡಿಕೆಗಳು ಒಂದು. ವಿದ್ಯುತ್ ಮಗ್ಗಗಳ ಬಿಡಿಭಾಗಗಳು ಇನ್ನೊಂದು. ಹಿಂದೆ ಹಸಿ ತೊಗಲಿನಿಂದ ಮಾಡುತ್ತಿದ್ದ ಪಿಕರ್‌ನಂತಹ ಭಾಗಗಳ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದು ಬಹುಕಾಲವಾಗಿದೆ. ಮೂರನೆಯದು ಬೆಳಗಾವಿಯ ಯಂತ್ರ, ಪಂಪ್ ಮತ್ತು ಹೈಡ್ರಾಲಿಕ್ ಉಪಕರಣ ತಯಾರಕರಿಗೆ ಬೇಕಾಗುವ, ಲೋಹದ ನಟ್ಟನ್ನೊಳಗೊಂಡ ಗುಬ್ಬಿಗಳು ಮತ್ತು ಹಿಡಿಕೆಗಳು. ಇವುಗಳಲ್ಲಿ ಮೂರನೆಯದೇ ಆರಂಭಕ್ಕೆ ಹೆಚ್ಚು ಸೂಕ್ತವೆಂದು ಕಂಡುಬರುತ್ತದೆ. ಸಂಖ್ಯೆ ಕಡಿಮೆ, ಆಕಾರ ಸರಳ, ಲೋಹದ ಕಚ್ಚಿನಿಂದ ಬಂಧ ಖಚಿತ. ಜೊತೆಗೆ ಲೇತ್ ಕೆಲಸ ಬಲ್ಲವರಿಗೆ ಒಳಗಿನ ಲೋಹದ ಭಾಗವನ್ನು ತಾವೇ ತಯಾರಿಸಲು ಸಾಧ್ಯ.

ಅಚ್ಚನ್ನು ಮಾತ್ರ ಇಲ್ಲಿಯೇ ಮಾಡಬೇಕೆಂಬ ಹಟ ಬೇಡ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಗಳು ಬೆಳಗಾವಿ ಮತ್ತು ಹುಬ್ಬಳ್ಳಿಯಲ್ಲಿವೆ. ಅಚ್ಚು ತಯಾರಿಕೆಯ ತರಬೇತಿಯನ್ನು ಮುಖ್ಯವಾಗಿ ನೀಡುವ ಸಂಸ್ಥೆ ಇದು. ಪ್ಲಾಸ್ಟಿಕ್ ಪರೀಕ್ಷೆ ಮತ್ತು ತರಬೇತಿಗೆ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಮೈಸೂರು ಕೇಂದ್ರವಿದೆ.

ಇತ್ತೀಚಿನ ನಿಯಮಗಳ ಪರಿಣಾಮ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ದರಗಳ ಪುನರ್ರಚನೆಯಲ್ಲಿ ಶೇ. 12ರ ಹಂತವನ್ನು ಕೈಬಿಡಲಾಯಿತು. ಸಾಮಾನ್ಯ ಗ್ರಾಹಕರಿಗೆ ಅನೇಕ ವಸ್ತುಗಳು ಇದರಿಂದ ಅಗ್ಗವಾದವು. ಆದರೆ ಬೇರೆಡೆ ನಿರ್ದಿಷ್ಟವಾಗಿ ಹೆಸರಿಸದ ಜಾಬ್ ವರ್ಕ್ ಸೇವೆಯ ದರ ಶೇ. 12ರಿಂದ ಶೇ. 18ಕ್ಕೆ ಏರಿತು. ಗ್ರಾಹಕ ಕಂಪನಿಯ ದಾಣಾ ಮತ್ತು ಅಚ್ಚನ್ನು ಪಡೆದು ಮೌಲ್ಡಿಂಗ್ ಮಾತ್ರ ಮಾಡಿಕೊಡುವ ಕಾರ್ಯಾಗಾರಗಳಿಗೆ ಇದು ಸಂಬಂಧಿಸಿದೆ. ಗ್ರಾಹಕರು ನೋಂದಾಯಿತರಾಗಿದ್ದಲ್ಲಿ ಅವರಿಗೆ ಹೂಡುವಳಿ ತೆರಿಗೆ ಜಮಾ ದೊರೆಯುವುದರಿಂದ ಅಂತಿಮ ಹೊರೆ ಹೆಚ್ಚದಿದ್ದರೂ, ಹಣ ಸ್ವಲ್ಪ ಕಾಲ ಕಟ್ಟಿಕೊಂಡಿರುತ್ತದೆ.

ಕೃಷಿ ಕೈ ಉಪಕರಣಗಳ ವಿಷಯದಲ್ಲಿ ಪರಿಸ್ಥಿತಿ ಬೇರೆ. ಕುಡಗೋಲಿನಂತಹ ಕೈ ಉಪಕರಣಗಳಿಗೆ ತೆರಿಗೆ ವಿನಾಯಿತಿ ಇದೆ. ವಿನಾಯಿತಿ ಪಡೆದ ಮಾಲನ್ನು ಮಾರುವವರಿಗೆ, ಅದಕ್ಕಾಗಿ ಕೊಂಡ ವಸ್ತುಗಳ ಮೇಲಿನ ತೆರಿಗೆ ಜಮಾ ದೊರೆಯುವುದಿಲ್ಲ. ಆದುದರಿಂದ ಶೇ. 18 ತೆರಿಗೆ ತೆತ್ತು ಕೊಂಡ ಪ್ಲಾಸ್ಟಿಕ್ ಹಿಡಿಕೆಯ ತೆರಿಗೆ ಪೂರ್ತಿಯಾಗಿ ಉಪಕರಣದ ವೆಚ್ಚಕ್ಕೆ ಸೇರುತ್ತದೆ. ಮರದ ಹಿಡಿಕೆಯೊಡನೆ ಸ್ಪರ್ಧಿಸಬೇಕಾದ ವಸ್ತುವಿನ ಬೆಲೆ ನಿಗದಿಯಲ್ಲಿ ಇದನ್ನು ಮರೆಯುವಂತಿಲ್ಲ.

ಅಚ್ಚಿಗೆ ಸಂಬಂಧಿಸಿದಂತೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ ಕಲಂ 143ರಲ್ಲಿ ಒಂದು ಅನುಕೂಲವಿದೆ. ಜಾಬ್ ವರ್ಕ್‌ಗೆ ಕಳುಹಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಹಿಂತಿರುಗಬೇಕು; ಆದರೆ ಅಚ್ಚು, ಡೈ, ಜಿಗ್, ಫಿಕ್ಸ್‌ಚರ್ ಮತ್ತು ಉಪಕರಣಗಳಿಗೆ ಈ ಮೂರು ವರ್ಷಗಳ ಮಿತಿ ಅನ್ವಯಿಸುವುದಿಲ್ಲ. ಬೆಳಗಾವಿಯ ಅಥವಾ ಧಾರವಾಡದ ಕಂಪನಿಯೊಂದು ತನ್ನ ಖರ್ಚಿನಲ್ಲಿ ಮಾಡಿಸಿದ ಅಚ್ಚನ್ನು ಬೈಲಹೊಂಗಲದ ಕಾರ್ಯಾಗಾರದಲ್ಲಿ ವರ್ಷಗಟ್ಟಲೆ ಇಡಬಹುದು. ಸಣ್ಣ ಉದ್ದಿಮೆದಾರರು ಅಚ್ಚಿನ ಹಣವನ್ನು ಗ್ರಾಹಕರಿಂದಲೇ ಹಾಕಿಸಲು ಇದು ಬಲವಾದ ಆಧಾರ. ಅಚ್ಚು ಯಾರದು, ದುರಸ್ತಿ ಯಾರ ಖರ್ಚು, ಎಷ್ಟು ಸಂಖ್ಯೆಯ ನಂತರ ಬದಲಿಸಬೇಕು, ಬೇಡಿಕೆ ನಿಂತ ಮೇಲೆ ಯಾರು ಒಯ್ಯಬೇಕು ಎಂಬುದನ್ನು ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳದಿದ್ದಲ್ಲಿ ಮುಂದೆ ವ್ಯಾಜ್ಯಕ್ಕೆ ಎಡೆಯಾಗುತ್ತದೆ.

ಹಣ ಪಾವತಿಯ ವಿಷಯವೂ ಇದೇ ಒಪ್ಪಂದದಲ್ಲಿ ಬರಬೇಕು. ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದಲ್ಲಿ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಇದು ಬಹುಕಾಲ ಕಾಗದದ ಮೇಲಿನ ಹಕ್ಕಾಗಿಯೇ ಉಳಿದಿತ್ತು. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿ 2024ರ ಏಪ್ರಿಲ್ 1ರಿಂದ ಜಾರಿಗೊಳಿಸಿದ 43ಬಿ(ಎಚ್) ಉಪಬಂಧದಿಂದ ಪರಿಸ್ಥಿತಿ ಬದಲಾಯಿತು. ಗಡುವಿನೊಳಗೆ ಹಣ ಕೊಡದ ಕೊಳ್ಳುಗರಿಗೆ, ವಾಸ್ತವವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚಿನ ಕಡಿತ ದೊರೆಯುತ್ತದೆ. ಇದರ ಇನ್ನೊಂದು ಮುಖವನ್ನೂ ನೋಡಬೇಕು: ಗಡುವಿಗೆ ಅಂಜಿ ಕೊಳ್ಳುಗರು ನೋಂದಣಿಯಿಲ್ಲದ ಘಟಕಗಳತ್ತ ತಿರುಗುವ ಸಾಧ್ಯತೆ ಇದ್ದೇ ಇದೆ. ಹಾಗೆಂದು ಉದ್ಯಮ್ ನೋಂದಣಿಯನ್ನು ಬಿಡುವುದು ಸರಿಯಲ್ಲ. ನೋಂದಣಿ ಉಚಿತವಾಗಿದ್ದು, ಅದಿಲ್ಲದೆ ಸೌಲಭ್ಯ ಮಂಡಳಿಯ ಮುಂದೆ ಬಾಕಿಗಾಗಿ ದೂರು ನಿಲ್ಲುವುದು ಕಷ್ಟ. 2025ರ ಏಪ್ರಿಲ್ 1ರಿಂದ ಅತಿಸಣ್ಣ ಘಟಕದ ಹೂಡಿಕೆಯ ಮಿತಿಯನ್ನು ರೂ. 1 ಕೋಟಿಯಿಂದ 2.5 ಕೋಟಿಗೆ, ವಹಿವಾಟಿನ ಮಿತಿಯನ್ನು ರೂ. 5 ಕೋಟಿಯಿಂದ 10 ಕೋಟಿಗೆ ಏರಿಸಲಾಗಿದೆ. ಇಲ್ಲಿ ಚರ್ಚಿಸಿದ ಬಗೆಯ ಕಾರ್ಯಾಗಾರಗಳು ಬಹುತೇಕ ಅತಿಸಣ್ಣ ವರ್ಗದಲ್ಲಿಯೇ ಬರುತ್ತವೆ.

ಕಚ್ಚಾ ಸಾಮಗ್ರಿಯ ಮಟ್ಟಿಗೆ, ಪಾಲಿಪ್ರೊಪಿಲೀನ್, ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಸೇರಿದಂತೆ ಕೆಲವು ಪ್ಲಾಸ್ಟಿಕ್ಕುಗಳ ಮೇಲಿನ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ಹಿಂಪಡೆಯಿತು. ಆಮದು ದಾಣಾ ದೊರೆಯುವುದು ಇದರಿಂದ ಸುಲಭವಾಗಬಹುದು. ಆದರೆ ಅಲ್ಪ ಸಂಖ್ಯೆಯ ತಯಾರಕರ ತೊಂದರೆ ಬೇರೆಯದೇ ಆಗಿದೆ: ಅವರಿಗೆ ಬೇಕಾದುದು ಎರಡು ಮೂರು ಚೀಲ, ವಿಶೇಷ ದರ್ಜೆಯ ಮೆದು ದಾಣಾವನ್ನು ಅಷ್ಟು ಸಣ್ಣ ಪ್ರಮಾಣದಲ್ಲಿ ಕೊಡುವ ವ್ಯಾಪಾರಿಗಳು ಕಡಿಮೆ. ಮೂರು ನಾಲ್ಕು ಕಾರ್ಯಾಗಾರಗಳು ಕೂಡಿ ಒಂದೇ ದರ್ಜೆಯನ್ನು ಆಯ್ದು ಖರೀದಿಸುವುದು ಇದಕ್ಕೆ ಪರಿಹಾರವಾಗಬಲ್ಲದು.

ಬಂಡವಾಳದ ಬಗ್ಗೆ ಹೇಳುವುದಾದರೆ, ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಗಳ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ ರೂ. 50 ಲಕ್ಷಕ್ಕೆ ಏರಿಸಿ, ಕಾರ್ಯಕ್ರಮವನ್ನು 2025-26ರವರೆಗೆ ಮಂಜೂರು ಮಾಡಲಾಗಿತ್ತು. ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಶೇ. 25 ಹಾಗೂ ವಿಶೇಷ ವರ್ಗದವರಿಗೆ ಶೇ. 35 ಸಹಾಯಧನ ಅದರಲ್ಲಿ ನಿಗದಿಯಾಗಿತ್ತು. ಇಂತಹ ಯೋಜನೆಗಳಿಗೆ ಸಲ್ಲಿಸುವ ಯೋಜನಾ ವರದಿಗಳಲ್ಲಿ ಯಂತ್ರದ ದರಪಟ್ಟಿ ತಪ್ಪದೆ ಇರುತ್ತದೆ, ಅಚ್ಚಿನದು ಇರುವುದಿಲ್ಲ. ಅರ್ಜಿದಾರರು ಕನಿಷ್ಠ ಒಂದು ವಸ್ತುವಿನ ಅಚ್ಚಿನ ದರಪಟ್ಟಿ, ಗ್ರಾಹಕರ ಲಿಖಿತ ಬೇಡಿಕೆ ಮತ್ತು ಮೇಲೆ ತೋರಿಸಿದ ಮಾದರಿಯ ಲೆಕ್ಕವನ್ನು ವರದಿಯೊಡನೆ ಲಗತ್ತಿಸುವುದು ಸೂಕ್ತ. ಚಾಲ್ತಿಯಲ್ಲಿರುವ ಸಹಾಯಧನ ಯೋಜನೆಗಳು, ಅರ್ಜಿ ನಮೂನೆ ಮತ್ತು ಉದ್ಯಮ್ ನೋಂದಣಿಯ ಮಾಹಿತಿಗಾಗಿ ಬೆಳಗಾವಿಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ಆಯಾ ತಾಲ್ಲೂಕಿನ ಕೈಗಾರಿಕಾ ವಿಸ್ತರಣಾಧಿಕಾರಿಗಳನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.